ವೇಷ ಕೊನೇ ದಿನದ ಕೆಲಸ ಅಲ್ಲ

ಬೆಂಗಳೂರಲ್ಲಿ ಪೌರಾಣಿಕ ನಾಟಕದ ಹುಚ್ಚು ಇನ್ನೂ ಜೋರಾಗೇ ಇದೆ ಅಂದ್ರೆ, ಊರಿಂದ ದೂರ ಇರೋ ಇಲ್ಲಿನ ನಮ್ಮ ಕನ್ನಡ ಸಂಘದೋರು ಎಷ್ಟೋ ಜನ ನಂಬಲ್ಲ. ಆಟೋ ಓಡಿಸೋರು, ಪೊಲೀಸ್ ಇಲಾಖೆಯೋರು, ರಿಟೈರ್ ಆದ ಮೇಷ್ಟ್ರುಗಳು, ಹೊಸಕೋಟೆ ದೊಡ್ಡಬಳ್ಳಾಪುರ ಕಡೆಯಿಂದ ಬರೋ ರೈತರು ಎಲ್ಲ ಸೇರ್ಕೊಂಡು ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಕೂತು ಕಂದಪದ್ಯ ಕಲಿತು ಒಂದು ದಿನ ಕುರುಕ್ಷೇತ್ರ ನಾಟಕ ಆಡ್ತಾರೆ. ಅದಕ್ಕೆ ಇವರೇ ದುಡ್ಡು ಕೊಡಬೇಕು, ಇವರಿಗೆ ಯಾರೂ ಕೊಡಲ್ಲ. ಕೃಷ್ಣ, ದುರ್ಯೋಧನ ಬೇಕು ಅಂದ್ರೆ ಜಾಸ್ತಿ ಕಟ್ಟಬೇಕು, ಸಣ್ಣ ಪಾತ್ರಕ್ಕೆ ಕಮ್ಮಿ. ಒಂದು ರಾತ್ರಿ ರಾಜ ಆಗೋಕೆ ಬೆವರು ಸುರಿಸಿ ದುಡಿದ ದುಡ್ಡು ಕೊಡ್ತಾರಲ್ಲ, ಅದನ್ನ ಶೋಕಿ ಅಂತ ತಳ್ಳಿಹಾಕೋರ ಜೊತೆ ನನಗೆ ಮಾತೇ ಬೇಡ ಅನ್ಸತ್ತೆ.

ಈ ಸಲ ಊರಿಗೆ ಹೋಗಿದ್ದಾಗ ರವೀಂದ್ರ ಕಲಾಕ್ಷೇತ್ರದ ಗ್ರೀನ್ ರೂಮಲ್ಲಿ ನಿಂತು ನೋಡೋ ಅವಕಾಶ ಸಿಕ್ತು. ಅಮ್ಮನ ಪಕ್ಕದ ಮನೆಯೋರ ನೆಂಟರೊಬ್ಬರು ದುರ್ಯೋಧನ. ಯಶವಂತಪುರ ಯಾರ್ಡಲ್ಲಿ ಈರುಳ್ಳಿ ಮಂಡಿ ಕೆಲಸ, ಮೆತ್ತಗೆ ಮಾತಾಡೋ ಮನುಷ್ಯ, ಮೂಟೆ ಹೊತ್ತು ಹೊತ್ತು ಬೆನ್ನು ಸ್ವಲ್ಪ ಬಾಗಿದೆ. ಬನಿಯನ್ ಹಾಕ್ಕೊಂಡು ಸ್ಟೂಲ್ ಮೇಲೆ ಕೂತ್ರು, ಮೇಕಪ್‌ನೋರು ಮುಖಕ್ಕೆ ಬಣ್ಣ ಬಳಿದು ಹುಬ್ಬು ತೀಡಿ ಅಂಟು ಹಚ್ಚಿ ಮೀಸೆ ಕೂರಿಸಿದ್ರು, ಆಮೇಲೆ ಜರಿ ಅಂಗಿ, ಎದೆಹಾರ, ಸೊಂಟಕ್ಕೆ ಡಾಬು. ಅಲ್ಲೀವರೆಗೂ ಅದೇ ಈರುಳ್ಳಿ ಮಂಡಿ ಅಣ್ಣನೇ. ಆಮೇಲೆ ಭುಜದ ಮೇಲೆ ಕಟ್ಟೋ ಒಡವೆ, ಭುಜಕೀರ್ತಿ ಕಟ್ಟಿದ್ರು ನೋಡಿ, ಅದು ಕಟ್ಟಿದ ಮೇಲೆ ಭುಜ ಕುಗ್ಗಿಸೋಕಾಗಲ್ಲ, ತೋಳು ಮೈಗೆ ಅಂಟಿಸ್ಕೊಂಡು ನಿಲ್ಲೋಕಾಗಲ್ಲ, ಎರಡೂ ಕೈ ಸ್ವಲ್ಪ ಅಗಲ ಆಗೇ ನಿಲ್ಲತ್ತೆ. ಮೇಲೆ ಕಿರೀಟ, ತಲೆ ಬಗ್ಗಿಸಿದ್ರೆ ಅದು ಮುಂದಕ್ಕೆ ಜಾರತ್ತೆ, ಹಾಗಾಗಿ ಕತ್ತು ನೆಟ್ಟಗೆ ಇಟ್ಕೊಳ್ಳಲೇಬೇಕು, ಪಕ್ಕದಲ್ಲಿರೋರನ್ನ ನೋಡಬೇಕು ಅಂದ್ರೆ ಇಡೀ ಮೈ ತಿರುಗಿಸಬೇಕು ಇಲ್ಲಾ ಕಣ್ಣಷ್ಟೇ ಓರೆ ಮಾಡಬೇಕು. ಎದೆ ಮುಂದೆ ಬಂತು, ಬೆನ್ನು ನೆಟ್ಟಗಾಯ್ತು. ಛಲ, ಗರ್ವ ಅಂತೀವಲ್ಲ ದುರ್ಯೋಧನಂದು, ಅದರಲ್ಲಿ ಅರ್ಧ ಆ ವೇಷವೇ ತಂದುಕೊಡ್ತು. ಹೆಂಡತಿ ನೀರು ತಂದೋರು ಎರಡು ಹೆಜ್ಜೆ ದೂರದಲ್ಲೇ ನಿಂತ್ರು, ಭೀಮನ ಪಾತ್ರದೋರು ಬಾಗಿಲಿಂದ "ದೊರೆ, ಟೈಮಾಯ್ತು" ಅಂದ್ರು. ಯಾರೂ ನಗಲಿಲ್ಲ.

ನಾಟ್ಯಶಾಸ್ತ್ರದಲ್ಲಿ ಅಭಿನಯ ನಾಲ್ಕು ಥರ ಅಂತ ಹೇಳಿರೋದು, ಮೈಯಿಂದ ಮಾಡೋ ಆಂಗಿಕ, ಮಾತಿನ ವಾಚಿಕ, ಒಳಗಿನ ಭಾವದ ಸಾತ್ವಿಕ, ಅದರ ಜೊತೆ ಉಡುಗೆ ತೊಡುಗೆ ಬಣ್ಣದ ಆಹಾರ್ಯ. ಬಟ್ಟೆನೂ ಅಭಿನಯವೇ ಅಂತ ಅವತ್ತೇ ಲೆಕ್ಕಕ್ಕೆ ಸೇರಿಸಿಟ್ಟಿದಾರೆ. ಯಕ್ಷಗಾನದೋರು ಬಣ್ಣ ಹಚ್ಚೋ ಜಾಗ, ಚೌಕಿ ನೋಡಿದೋರಿಗೆ ಇದು ಬಿಡಿಸಿ ಹೇಳಬೇಕಾಗಿಲ್ಲ, ರಾಕ್ಷಸ ಪಾತ್ರದ ಬಣ್ಣದ ವೇಷದೋರು ಮುಖದ ಮೇಲೆ ಅಕ್ಕಿಹಿಟ್ಟಿನ ಉಬ್ಬು ಚುಕ್ಕೆ, ಅಂದ್ರೆ ಚಿಟ್ಟಿ ಇಡ್ತಾ ಗಂಟೆಗಟ್ಟಲೆ ಕನ್ನಡಿ ಮುಂದೆ ಕೂರ್ತಾರೆ, ಆ ಹೊತ್ತಲ್ಲೇ ಒಳಗೊಬ್ಬ ರಾಕ್ಷಸ ತಯಾರಾಗ್ತಿರ್ತಾನೆ.

ಅದೇ ಗ್ರೀನ್ ರೂಮಿನ ಆ ಕಡೆ ಮೂಲೆಯಲ್ಲಿ ದ್ರೌಪದಿ ಇದ್ರು. ಗಂಡಸರಿಗೆ ಅದು ವರ್ಷದಲ್ಲೊಂದು ದಿನದ ಕನಸು, ಆಯಮ್ಮಂಗೆ ಅದು ಹೊಟ್ಟೆಪಾಡು. ಈ ನಾಟಕಗಳಲ್ಲಿ ಹೆಣ್ಣು ಪಾತ್ರಕ್ಕೆ ಸಂಭಾವನೆ ಕೊಟ್ಟು ವೃತ್ತಿ ಕಲಾವಿದೆಯರನ್ನೇ ಕರೆಸ್ತಾರೆ, ಇವತ್ತು ಇಲ್ಲಿ ದ್ರೌಪದಿ, ನಾಳೆ ಇನ್ನೊಂದು ತಂಡದಲ್ಲಿ ಕುಂತಿ. ಸೀರೆ, ಸವರಿ ಕೂದಲು, ಗಿಲೀಟಿನ ಒಡವೆ, ಎಲ್ಲ ಅವರದೇ ಸೂಟ್‌ಕೇಸಲ್ಲಿ. ಮೇಕಪ್ಪೂ ಅವರೇ ಮಾಡ್ಕೊಂಡ್ರು, ಕನ್ನಡಿಗೆ ಕಾಯದೆ ಫೋನಿನ ಕ್ಯಾಮೆರಾ ನೋಡ್ಕೊಂಡು ಬೇಗ ಮುಗಿಸಿದ್ರು. ಗಂಡಸರಿಗೆ ಊರಿನೋರು ನೋಟಿನ ಹಾರ ಹಾಕ್ತಾರೆ, ಫ್ಲೆಕ್ಸ್ ಕಟ್ತಾರೆ. ಇವರಿಗೆ ನಾಟಕ ಮುಗಿದ ಮೇಲೆ ಅಷ್ಟು ಹೊತ್ತಲ್ಲಿ ಬಸ್ ಸಿಗತ್ತಾ ಅನ್ನೋ ಚಿಂತೆ. "ನಾಟಕದವಳು" ಅಂತ ಬೀದಿಯಲ್ಲಿ ಹಗುರಾಗಿ ಆಡೋ ಮಾತು ಇನ್ನೂ ಹೋಗಿಲ್ಲ. ಸ್ಟೇಜ್ ಮೇಲೆ ತಾಯಿ ಅಂತ ಕೈಮುಗಿದೋರೇ ಕೆಳಗಿಳಿದ ಮೇಲೆ ಹಾಗೆ ಮಾತಾಡಿದ್ರೆ ಹೊಟ್ಟೆ ಉರಿಯತ್ತೆ.

ಹೀಗಿರೋವಾಗ ಆರ್. ನಾಗರತ್ನಮ್ಮನವರನ್ನ ನೆನೆಸ್ಕೊಳ್ಳಿ. ಮೈಸೂರಿನವರು, 1958ರಲ್ಲೇ ಬರೀ ಹೆಂಗಸರ ನಾಟಕ ಮಂಡಳಿ ಕಟ್ಟಿದ್ರು, ಗಂಡು ಪಾತ್ರನೂ ಹೆಂಗಸರೇ. ಅವರೇ ಮೀಸೆ ಇಟ್ಟು ಕಂಸ, ರಾವಣ ಆಗಿ ಗದೆ ಹಿಡಿದು ಬಂದು ಗರ್ಜಿಸ್ತಿದ್ರು. ಮನೇಲಿ ದನಿ ಎತ್ತಬಾರದು ಅಂತ ಬೆಳೆಸಿರೋ ಹೆಣ್ಣುಮಕ್ಕಳಿಗೆ ಆ ಅಂಗಿ, ಆ ಮೀಸೆ ಎಂಥಾ ದನಿ ಕೊಟ್ಟಿರಬೇಡ!

ಇನ್ನು ಬಣ್ಣ ಅಳಿಸಿದ ಮೇಲಿನ ಬದುಕು. ಡಾ. ರಾಜ್‌ಕುಮಾರ್ ವಿಷಯ ನಿಮಗೆಲ್ಲ ಗೊತ್ತಿರೋದೇ. ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರು ಗುಬ್ಬಿ ನಾಟಕ ಕಂಪನಿಯಲ್ಲಿ ರಾವಣ, ಹಿರಣ್ಯಕಶಿಪು ಥರದ ಅಬ್ಬರದ ಪಾತ್ರಗಳಿಗೆ ಹೆಸರಾದೋರು, ಮಗನೂ ಚಿಕ್ಕವರಿದ್ದಾಗಲೇ ಕಂಪನಿ ಸೇರಿ ಬೆಳೆದೋರು. 1983ರಲ್ಲಿ ಮಗನೇ ತೆರೆ ಮೇಲೆ ಹಿರಣ್ಯಕಶಿಪು, ಮೊಮ್ಮಗ ಪುನೀತ್ ಪ್ರಹ್ಲಾದ. ಇಷ್ಟೆಲ್ಲಾ ಕಿರೀಟ ಹೊತ್ತೋರು ಹೊರಗಡೆ ಬಂದ್ರೆ ಬಿಳಿ ಪಂಚೆ ಬಿಳಿ ಶರ್ಟು, ಅಷ್ಟೇ. ಜನ ಪಾತ್ರಗಳನ್ನ ನಿಜ ಅಂತಲೇ ನಂಬಿಬಿಟ್ಟಿದ್ರು, ಆ ನಂಬಿಕೆಗೆ ಮುಕ್ಕಾಗದ ಹಾಗೆ ಬದುಕೋದು ಅವರಿಗೆ ಇನ್ನೊಂದು ಜವಾಬ್ದಾರಿ ಆಯ್ತು, ತೆರೆ ಮೇಲೆ ಕುಡಿಯೋದು ಸಿಗರೇಟ್ ಸೇದೋದು ಕೂಡ ಬೇಡ ಅಂತ ದೂರ ಇಟ್ರು. ಆ ಬಿಳಿ ಪಂಚೆ ಸರಳತೆ ಹೌದು, ಆದ್ರೆ ಅಷ್ಟೂ ಪಾತ್ರಗಳ ಭಾರ ಇಳಿಸಿ ಮತ್ತೆ ಹುಟ್ಟು ಹೆಸರಿನ ಮುತ್ತುರಾಜ ಆಗೋಕೆ ಅವರಿಗೊಂದು ಬಟ್ಟೆ ಬೇಕಿತ್ತು ಅಂತಲೂ ನನಗನ್ಸತ್ತೆ.

ಸಂಚಾರಿ ವಿಜಯ್ ಇನ್ನೂ ಹತ್ತಿರದ ಉದಾಹರಣೆ. ಬೆಂಗಳೂರಿನ ಸಂಚಾರಿ ಥಿಯೇಟರ್ ಹೆಸರನ್ನೇ ತನ್ನ ಹೆಸರಿನ ಜೊತೆ ಕಟ್ಕೊಂಡ ಹುಡುಗ. 'ನಾನು ಅವನಲ್ಲ ಅವಳು' ಸಿನಿಮಾದಲ್ಲಿ ಹೆಣ್ಣಾಗಿ ಬದುಕಬೇಕು ಅನ್ನೋ ಟ್ರಾನ್ಸ್‌ಜೆಂಡರ್ ಪಾತ್ರ ಮಾಡಿ 2014ನೇ ಸಾಲಿನ ರಾಷ್ಟ್ರಪ್ರಶಸ್ತಿ ತಗೊಂಡ್ರು, ಮೇಕಪ್ಪಿಗೂ ಅದೇ ಸಿನಿಮಾಕ್ಕೆ ರಾಷ್ಟ್ರಪ್ರಶಸ್ತಿ ಬಂತು. ಎರಡೂ ಒಟ್ಟಿಗೆ ಬಂದಿದ್ದು ಎಷ್ಟು ಸರಿ! ಅಲ್ಲಿ ಸೀರೆ ಉಡೋದು ವೇಷ ಹಾಕೋದಲ್ಲ, ಆ ಜೀವಕ್ಕೆ ವೇಷ ಆಗಿದ್ದು ಪ್ಯಾಂಟು ಶರ್ಟು. ಅದನ್ನ ಒಬ್ಬ ಗಂಡು ನಟ ನಮಗೆ ನಂಬಿಸಿದ್ದು ಸಾಮಾನ್ಯ ಅಲ್ಲ. 2021ರ ಜೂನಲ್ಲಿ ಆಕ್ಸಿಡೆಂಟಲ್ಲಿ ಹೋಗಿಬಿಟ್ರು, ಅಂಗಾಂಗ ದಾನ ಆಯ್ತು. ಇನ್ನೂ ಏನೇನು ಪಾತ್ರ ಮಾಡ್ತಿದ್ರೋ.

ಈಗ ನಮ್ಮ ಸಂಘದ ವಿಷಯ. ರಾಜ್ಯೋತ್ಸವದ ನಾಟಕಕ್ಕೆ ಡೈಲಾಗ್ ಪ್ರಾಕ್ಟೀಸ್ ವಾರವಾರ ಜೂಮಲ್ಲಿ ನಡೆಯತ್ತೆ, ಕಾಸ್ಟ್ಯೂಮ್ ಮಾತ್ರ ಹಿಂದಿನ ರಾತ್ರಿ ಯಾರದೋ ಕಾರ್ ಡಿಕ್ಕಿಯಿಂದ ಇಳಿಯತ್ತೆ. ಇಲ್ಲೇ ಹುಟ್ಟಿ ಬೆಳೆದ ಮಕ್ಕಳು ಕಚ್ಚೆ ಪಂಚೆ ಉಡೋದೇ ಅವತ್ತು ಮೊದಲು, ಎಲ್ಲಿ ಜಾರತ್ತೋ ಅಂತ ಒಂದು ಕೈ ಸೊಂಟದ ಮೇಲೇ ಇರತ್ತೆ, ಇನ್ನು ಕತ್ತಿ ಹಿಡಿಯೋದು ಹೇಗೆ, ಮಾತು ನೆನಪಿರೋದು ಹೇಗೆ. ಕಮಿಟಿಯೋರ ಹತ್ತಿರ ಮಾತಾಡಿದೀನಿ, ಈ ಸಲ ಮೊದಲನೇ ಪ್ರಾಕ್ಟೀಸಿಂದ್ಲೇ ಪಂಚೆ, ಸೀರೆ, ಪೇಟ ಹಾಕ್ಕೊಂಡೇ ನಡೆದು ಕೂತು ಎದ್ದು ಅಭ್ಯಾಸ ಮಾಡ್ಸೋಣ, ಜೂಮಲ್ಲಿದ್ರೂ ಸರಿ. ಅದಕ್ಕೆ ಹಳೇ ಪಂಚೆ, ಶಲ್ಯ, ಉಡದೇ ಇಟ್ಟಿರೋ ಕಾಟನ್ ಸೀರೆ ಇದ್ರೆ ದಯವಿಟ್ಟು ಕೊಡಿ, ಜರಿ ಇರಲೇಬೇಕು ಅಂತಿಲ್ಲ. ಮಕ್ಕಳ ಅಳತೆಗೆ ಮಡಚಿ ಹೊಲಿಯೋಕೆ ಇಬ್ಬರು ಒಪ್ಕೊಂಡಿದಾರೆ, ಮಷೀನ್ ಇರೋರು ಇನ್ನೂ ಒಂದಿಬ್ಬರು ಬಂದ್ರೆ ಕೆಲಸ ಬೇಗ ಆಗತ್ತೆ.