ಉರಿದು ಹೋಗುವ ಸಿಪ್ಪೆಯಲ್ಲಿ ಬಣ್ಣ ಉಂಟು: ಮಂಜೇಶ್ವರದ ಶಾಸಕರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಶಾಸಕರೇ,

ನಮಸ್ಕಾರ. ನಾನು ಕುಂಬಳೆ ಕಡೆಯ ಒಬ್ಬ ಪೈಂಟರ್. ಇಪ್ಪತ್ತೆಂಟು ವರ್ಷಗಳಿಂದ ಇದೇ ಕೆಲಸ. ಸೀತಾಂಗೋಳಿ, ಪೆರ್ಲ, ಪೈವಳಿಕೆ, ಉಪ್ಪಳ ಅಂತ ಸುತ್ತ ನಾನು ಬ್ರಶ್ ಹಿಡಿಯದ ಊರಿಲ್ಲ. ರಸ್ತೆ, ನೀರು, ಪಿಂಚಣಿ ಎಂದು ನಿಮಗೆ ಬರೆಯುವವರು ಬೇಕಾದಷ್ಟು ಜನ ಇದ್ದಾರೆ. ನಾನು ಬರೆಯುತ್ತಿರುವುದು ಗೇರುಬೀಜದ ಸಿಪ್ಪೆಯ ಬಗ್ಗೆ. ನಗಬೇಡಿ.

ಚಿಕ್ಕಂದಿನಲ್ಲಿ ಬೀಜ ಸುಟ್ಟು ತಿನ್ನದವರು ನಮ್ಮ ಕಡೆ ಯಾರಿದ್ದಾರೆ? ಕೆಂಡಕ್ಕೆ ಹಾಕಿದ ಬೀಜದಿಂದ ಎಣ್ಣೆ ಚಿಮ್ಮಿ ಭುಗಿಲ್ಲೆಂದು ಉರಿಯುತ್ತದೆ ಅಲ್ವಾ? ಕೈಗೆ ತಾಗಿದರೆ ಚರ್ಮ ಸುಲಿದು, ಕಲೆ ತಿಂಗಳುಗಟ್ಟಲೆ ಹೋಗುವುದಿಲ್ಲ. ಆ ಎಣ್ಣೆಯಿಂದ ಪೈಂಟ್ ಮಾಡಿ ಪರೀಕ್ಷಿಸಿ ನೋಡಬೇಕು ಎನ್ನುವುದೇ ಈ ಪತ್ರದ ವಿಷಯ.

ನನ್ನ ಅಪ್ಪ ಬಡಗಿ. ಹಂಚಿನ ಮಾಡಿಗೆ ಪಕ್ಕಾಸು, ರೀಪು ಏರಿಸುವ ಮೊದಲು ಸಿಪ್ಪೆ ಎಣ್ಣೆ ಬಳಿಯುತ್ತಿದ್ದರು. ಗೆದ್ದಲು ಹತ್ತಿರ ಸುಳಿಯುತ್ತಿರಲಿಲ್ಲ. ಕಡಲಬದಿಯವರು ಮರದ ದೋಣಿಗೂ ಅದನ್ನೇ ಬಳಿಯುತ್ತಿದ್ದರು. ನಾನು ಕೆಲಸಕ್ಕೆ ಇಳಿಯುವಾಗ ಡಬ್ಬದ ಎನಾಮಲ್ ಕಾಲ. ಅಪ್ಪನ ಎಣ್ಣೆ ಕಂಡು "ಇದೆಲ್ಲ ಹಳೇ ಕಾಲದ್ದು" ಎಂದು ನಕ್ಕವನು ನಾನೇ.

ಆ ಎನಾಮಲ್‌ನಲ್ಲಿ ಏನಿದೆ ಎಂದು ನೋಡಿದರೆ, ಅಲ್ಲಿಯೂ ಎಣ್ಣೆಯೇ! ಎನಾಮಲ್‌ನ ಜೀವ ಆಲ್ಕಿಡ್ ಎನ್ನುವ ರೆಸಿನ್, ಅಂದರೆ ಬಣ್ಣವನ್ನು ಹಿಡಿದಿಡುವ ಅಂಟು. ಸೋಯಾ, ಅಗಸೆಯಂಥ ಎಣ್ಣೆಯನ್ನು ಗ್ಲಿಸರಿನ್ ಜೊತೆ 200 ಡಿಗ್ರಿಗಿಂತ ಮೇಲೆ ಕಾಯಿಸಿ, ಪೆಟ್ರೋಲಿಯಂನಿಂದ ಬಂದ ಒಂದು ಆಮ್ಲ ಸೇರಿಸಿ ಅದನ್ನು ಮಾಡುತ್ತಾರೆ. ಬ್ರಶ್‌ಗೆ ಸಲೀಸಾಗಲಿ ಎಂದು ಟರ್ಪೆಂಟೈನ್ ಬೆರೆಸುತ್ತಾರೆ. ತೊಂದರೆ ಇರುವುದು ಇಲ್ಲಿ. ಒಂದು ಲೀಟರ್ ಎನಾಮಲ್ ಹೊಡೆದರೆ ಕಿಟಕಿಯಲ್ಲಿ ಉಳಿಯುವುದು ಸುಮಾರು ಅರ್ಧ. ಉಳಿದರ್ಧ ಗಾಳಿಗೆ, ಅದರಲ್ಲಿ ಸ್ವಲ್ಪ ನನ್ನ ಎದೆಗೆ. ಬಾಗಿಲು ಹಾಕಿದ ಕೋಣೆಯಲ್ಲಿ ಎರಡು ಕೋಟ್ ಹೊಡೆದ ದಿನ ರಾತ್ರಿ ತಲೆನೋವಿಗೆ ಊಟ ಸೇರುವುದಿಲ್ಲ.

ಎಣ್ಣೆ ಬಣ್ಣ ನೀರಿನ ಹಾಗೆ ಆರುವುದಿಲ್ಲ. ಟರ್ಪೆಂಟೈನ್ ಹಾರಿದ ಮೇಲೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿಕೊಂಡು ಒಳಗೊಳಗೇ ಬಲೆಯ ಹಾಗೆ ಹೆಣೆದುಕೊಳ್ಳುತ್ತದೆ. ಆಗ ಬಿಸಿಯೂ ಹುಟ್ಟುತ್ತದೆ. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಮೂಲೆಗೆ ಎಸೆದರೆ ಅದು ತಾನಾಗಿ ಹೊತ್ತಿಕೊಳ್ಳುವುದೂ ಉಂಟು. ಹೀಗೆ ಹೆಣೆದುಕೊಳ್ಳುವ ಶಕ್ತಿ ಎಲ್ಲ ಎಣ್ಣೆಗೂ ಇಲ್ಲ. ಅದನ್ನು ಅಯೋಡಿನ್ ಸಂಖ್ಯೆ ಎಂದು ಅಳೆಯುತ್ತಾರೆ. ಅಗಸೆಗೆ 170ಕ್ಕಿಂತ ಜಾಸ್ತಿ. ನಮ್ಮ ತೆಂಗಿನೆಣ್ಣೆಗೆ ಬರೀ 10ರ ಆಸುಪಾಸು. "ತೆಂಗಿನ ನಾಡಿನಲ್ಲಿ ತೆಂಗಿನೆಣ್ಣೆಯ ಪೈಂಟ್" ಎಂದು ಯಾರಾದರೂ ನಿಮ್ಮ ಹತ್ತಿರ ಬಂದರೆ ಸ್ವಲ್ಪ ತಡೆದು ಕೇಳಿ. ಬಿಸಿ ಕೊಟ್ಟು ಗಟ್ಟಿ ಮಾಡುವ ಕಾರ್ಖಾನೆ ಪೈಂಟಿಗೆ ಅದು ಆಗುತ್ತದೆ, ಹಳದಿಯೂ ಆಗುವುದಿಲ್ಲ. ಮನೆಯ ಕಿಟಕಿಗೆ ಬಳಿದರೆ ಮುಂದಿನ ವಿಷುವಿಗೂ ಅಂಟುತ್ತಿರುತ್ತದೆ. ನಮ್ಮ ಗುಡ್ಡಗಳಲ್ಲಿ ಮಳೆಗಾಲಕ್ಕೆ ಉದುರಿ ಕೊಳೆಯುವ ರಬ್ಬರ್ ಬೀಜ ಇದಕ್ಕಿಂತ ಎಷ್ಟೋ ಮೇಲು. ಅದರ ಎಣ್ಣೆಗೆ 130ಕ್ಕಿಂತ ಜಾಸ್ತಿ, ಅದರಿಂದ ಆಲ್ಕಿಡ್ ಮಾಡಬಹುದು.

ಗೇರುಸಿಪ್ಪೆಯ ಎಣ್ಣೆ ಇವೆಲ್ಲಕ್ಕಿಂತ ಬೇರೆ ಜಾತಿ. 100 ಕಿಲೋ ಬೀಜ ಒಡೆದರೆ ತಿರುಳು ಸುಮಾರು 25 ಕಿಲೋ. ಉಳಿದದ್ದರಲ್ಲಿ ಹೆಚ್ಚಿನದು ಸಿಪ್ಪೆಯೇ. ಆ ಸಿಪ್ಪೆಯ ತೂಕದಲ್ಲಿ ಸುಮಾರು ಕಾಲು ಭಾಗ ಎಣ್ಣೆ. ತಿನ್ನುವ ಎಣ್ಣೆಯಲ್ಲ, ಆದ್ದರಿಂದ ಯಾರ ಒಗ್ಗರಣೆಯಿಂದಲೂ ಕಿತ್ತುಕೊಂಡ ಹಾಗಾಗುವುದಿಲ್ಲ. ಹಸಿ ಎಣ್ಣೆಯಲ್ಲಿ ಹೆಚ್ಚಿನದು ಅನಕಾರ್ಡಿಕ್ ಆಮ್ಲ. ಬೀಜದ ಫ್ಯಾಕ್ಟರಿಯ ಹೆಂಗಸರ ಬೆರಳು ಕಪ್ಪಾಗುವುದು ಅದರಿಂದಲೇ. ಚೆನ್ನಾಗಿ ಕಾಯಿಸಿದರೆ ಅದರೊಳಗಿನ ಇಂಗಾಲದ ಡೈಆಕ್ಸೈಡ್ ಹಾರಿಹೋಗಿ ಕಾರ್ಡನಾಲ್ ಉಳಿಯುತ್ತದೆ. ಇದಕ್ಕೆ ತಲೆ ಫೀನಾಲಿನದು (ರೆಸಿನ್ ಮಾಡಲು ಬಳಸುವ ಒಂದು ರಾಸಾಯನಿಕ), ಬಾಲ ಎಣ್ಣೆಯದು. ತಲೆ ಗಟ್ಟಿತನ ಕೊಡುತ್ತದೆ. 15 ಇಂಗಾಲದ ಉದ್ದದ ಬಾಲ ಬಾಗುವ ಗುಣ ಕೊಡುತ್ತದೆ, ನೀರನ್ನೂ ದೂರ ಇಡುತ್ತದೆ. ಪೆಟ್ರೋಲಿಯಂನಿಂದ ಮಾಡುವ ಫೀನಾಲಿನ ಬದಲು ಮರವೇ ಮಾಡಿಕೊಟ್ಟ ಫೀನಾಲ್ ಇದು. ಬ್ರೇಕ್ ಲೈನಿಂಗ್‌ಗೆ ಇದರ ಪುಡಿ ಹಾಕುತ್ತಾರೆ. ಇದರಿಂದ ಮಾಡಿದ ಫೆನಾಲ್ಕಮೈನ್ ಎನ್ನುವ ಹಾರ್ಡನರ್ (ಗಟ್ಟಿ ಮಾಡುವ ವಸ್ತು) ಹಾಕಿದ ಎಪಾಕ್ಸಿ ಎಂಬ ಪೈಂಟನ್ನು ಹಡಗಿಗೆ ಬಳಿಯುತ್ತಾರೆ. ಯಾಕೆಂದರೆ ಒದ್ದೆ ಗಾಳಿಯಲ್ಲೂ ಅದು ಗಟ್ಟಿಯಾಗುತ್ತದೆ.

ಈ ಒದ್ದೆ ಗಾಳಿಯ ಮಾತು ಓದಿದಾಗಲೇ ನನ್ನ ಕಿವಿ ನೆಟ್ಟಗಾದದ್ದು. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಕಿಟಕಿ, ಕಂಬಿಗಳಿಗೆ ಮೇ ಕೊನೆಯ ವಾರ ಎನಾಮಲ್ ಹೊಡೆದಿದ್ದೆವು. ಟೆಂಡರ್ ಆಗುವಾಗಲೇ ತಡ, ಅದೂ ಅತಿ ಕಡಿಮೆ ದರದ ಡಬ್ಬ. ಮಳೆ ಬೇಗ ಹಿಡಿಯಿತು. ಜೂನ್ 1ಕ್ಕೆ ಮಕ್ಕಳು ಬಂದರು, ಪೈಂಟ್ ಆರಿರಲಿಲ್ಲ. ಒಂದನೇ ಕ್ಲಾಸಿನವರು ಮೂಗು ಮುಚ್ಚಿ ಕೂತರು. ಹೊಸ ಯೂನಿಫಾರಂ ಮೇಲೆಲ್ಲ ಹಸಿರು ಗೆರೆ. ತಾಯಂದಿರು ಗೇಟಿನ ಹತ್ತಿರ ನಿಲ್ಲಿಸಿ ನನಗೆ ಬೈದದ್ದು ಇನ್ನೂ ಕಿವಿಯಲ್ಲಿದೆ. ಅದು ಪೂರ್ತಿ ನನ್ನ ತಪ್ಪಲ್ಲ. ಆದರೆ ಆ ಬಣ್ಣ ಹೊಡೆದ ಕೈ ನನ್ನದೇ.

ಹಾಗೆಂದು ಗಿಡದಿಂದ ಬಂದದ್ದೆಲ್ಲ ಒಳ್ಳೆಯದು ಎಂದು ನಾನು ಹೇಳುವುದಿಲ್ಲ. ನಮ್ಮ ಜಿಲ್ಲೆಯಲ್ಲಿ ಹಾಗೆ ಹೇಳಲು ಬಾಯಿ ಬರುವುದಿಲ್ಲ. ಎಣ್ಮಕಜೆ ನಿಮ್ಮದೇ ಕ್ಷೇತ್ರದ ಪಂಚಾಯತು. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದದ್ದು 2000ದವರೆಗೆ. ಸುಪ್ರೀಂ ಕೋರ್ಟ್ ಅದನ್ನು ದೇಶದಲ್ಲೇ ತಡೆದದ್ದು 2011ರಲ್ಲಿ. ಆ ಮನೆಗಳಲ್ಲಿ ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳನ್ನು ನೀವೂ ನೋಡಿದ್ದೀರಿ. ಅಲ್ಲಿನ ಪಡ್ರೆಯಲ್ಲೋ ಸ್ವರ್ಗ ಎಂಬ ಊರಿನಲ್ಲೋ "ಗೇರಿನ ಹೊಸ ಕೆಮಿಕಲ್ ಫ್ಯಾಕ್ಟರಿ" ಎಂದರೆ ಜನ ಹೆದರುತ್ತಾರೆ. ಹೆದರಬೇಕಾದದ್ದೇ.

ಆದ್ದರಿಂದ ಇದರ ಕೆಟ್ಟದ್ದನ್ನೂ ಮೊದಲೇ ಹೇಳಿಬಿಡುತ್ತೇನೆ. ಸಿಪ್ಪೆ ಕಾಯಿಸುವಾಗ ಬರುವ ಹೊಗೆ ಕಣ್ಣು, ಗಂಟಲು ಸುಡುತ್ತದೆ. ಕಾರ್ಡನಾಲ್ ಕೂಡ ಕೆಲವರ ಚರ್ಮಕ್ಕೆ ಆಗದು. ಅದರಿಂದ ರೆಸಿನ್ ಮಾಡಲು ಹೆಚ್ಚಾಗಿ ಫಾರ್ಮಾಲ್ಡಿಹೈಡ್ ಬೇಕು, ಅದು ಕ್ಯಾನ್ಸರ್ ತರುವ ವಸ್ತು. ಸಿಪ್ಪೆ ಎಣ್ಣೆಯ ಬಣ್ಣ ಕೆಂಪು ಕಂದು, ಬಿಳಿ ಪೈಂಟಿಗೆ ಆಗದು. ಎಣ್ಣೆ ಬಣ್ಣ ಬೇಗ ಆರಲೆಂದು ಹಾಕುವ ಕೋಬಾಲ್ಟ್ ಮೇಲೂ ಈಗ ಅನುಮಾನ ಇದೆ. ಮೊದಲು ಸೀಸವನ್ನೂ ಹೀಗೇ ಹಾಕುತ್ತಿದ್ದರು. ಮನೆಗೆ ಬಳಿಯುವ ಪೈಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷದಲ್ಲಿ 90 ಭಾಗ) ದಾಟಬಾರದು ಎಂಬ ನಿಯಮ ಜಾರಿಗೆ ಬಂದದ್ದೇ 2017ರಲ್ಲಿ. ಅದಕ್ಕೆ ಮೊದಲು ನಾನು ಪಾಲಿಶ್ ಪೇಪರ್ ಹಾಕಿ ಉಜ್ಜಿ ನುಂಗಿದ ಧೂಳಿನ ಲೆಕ್ಕ ಯಾರಿಟ್ಟಿದ್ದಾರೆ? ಡಬ್ಬದ ಮೇಲೆ ಎಲೆಯ ಚಿತ್ರ ಹಾಕಿದ ಕೂಡಲೇ ಅದು ಹಸಿರು ಪೈಂಟ್ ಆಗುವುದಿಲ್ಲ ಸಾರ್.

ನಾನು ಕೇಳುವುದು ಫ್ಯಾಕ್ಟರಿಯನ್ನಲ್ಲ, ಪರೀಕ್ಷೆಯನ್ನು. ಪೆರಿಯದ ಕೇಂದ್ರ ವಿಶ್ವವಿದ್ಯಾಲಯದಲ್ಲಿ ರಸಾಯನ ವಿಭಾಗ ಇದೆ. ತಿರುವನಂತಪುರದ ಪಾಪ್ಪನಂಕೋಡಿನಲ್ಲಿರುವ, ಕೇಂದ್ರದ ವಿಜ್ಞಾನ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ನ ಪ್ರಯೋಗಾಲಯದಲ್ಲಿ ಕಾರ್ಡನಾಲ್ ಮೇಲೆ ದಶಕಗಳ ಕೆಲಸ ಆಗಿದೆ. ಸೀತಾಂಗೋಳಿಯಲ್ಲಿ ಕೇರಳ ಸರಕಾರದ ಕಿನ್ಫ್ರಾ ಕೈಗಾರಿಕಾ ಪಾರ್ಕ್ ಇದೆ. ಇವರನ್ನೆಲ್ಲ ಒಮ್ಮೆ ಒಂದು ಮೇಜಿನ ಸುತ್ತ ಕೂರಿಸುವ ಶಕ್ತಿ ನಿಮಗಿದೆ, ನನಗಿಲ್ಲ. ಗೇರುಸಿಪ್ಪೆಯದು, ರಬ್ಬರ್ ಬೀಜದ್ದು, ಟರ್ಪೆಂಟೈನ್ ಬದಲು ನೀರಿನಲ್ಲಿ ಬೆರೆಯುವ ಹಾಗೆ ಬದಲಾಯಿಸಿದ ಎಣ್ಣೆಯದು, ಹೀಗೆ ನಾಲ್ಕಾರು ಬಗೆ ಸಣ್ಣ ಪ್ರಮಾಣದಲ್ಲಿ ಮಾಡಿಸಿ. ಹೊಗೆ ಎಲ್ಲಿಗೆ ಹೋಗುತ್ತದೆ, ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂದು ಮೊದಲೇ ಬರೆದು ಪಂಚಾಯತಿನ ಬೋರ್ಡಿಗೆ ಹಾಕಿ. ಹಾಕುವುದು ಕನ್ನಡದಲ್ಲೂ ಇರಲಿ. ಡಬ್ಬದ ಎಚ್ಚರಿಕೆ ಇಂಗ್ಲಿಷ್, ತರಬೇತಿ ಮಲಯಾಳ. ನನ್ನ ಜೊತೆಗಿರುವ ನಾಲ್ವರಲ್ಲಿ ಮೂವರು ಕನ್ನಡ ಶಾಲೆಯಲ್ಲಿ ಕಲಿತವರು. ಎಚ್ಚರಿಕೆ ಓದಬೇಕಾದವರು ಅವರೇ ಅಲ್ವಾ?

ಟೆಂಡರಿನಲ್ಲೂ ಒಂದು ಸಾಲು ಬದಲಾಗಲಿ. ಈಗ ನೋಡುವುದು ಚದರ ಅಡಿಯ ದರ ಮಾತ್ರ. ಬಣ್ಣ ಎಷ್ಟು ಮಳೆಗಾಲ ತಾಳುತ್ತದೆ ಎಂದೂ ಕೇಳಲಿ.

ಬಗೆಗಳು ಸಿದ್ಧವಾದ ಮೇಲೆ ನಿಮ್ಮ ಕ್ಷೇತ್ರದ ಒಂದು ಶಾಲೆಯ ಎಂಟು ಕಿಟಕಿ ನನಗೆ ಕೊಡಿಸಿ. ಮಕ್ಕಳ ಕ್ಲಾಸಿನದು ಬೇಡ, ಸಾಮಾನು ಇಡುವ ಕೋಣೆಯದು ಸಾಕು. ಪಶ್ಚಿಮಕ್ಕೆ ಮುಖ ಮಾಡಿದ್ದಾದರೆ ಒಳ್ಳೆಯದು, ಮಳೆ ನೇರ ಬಡಿಯುತ್ತದೆ. ನಾಲ್ಕಕ್ಕೆ ಈ ಹೊಸದು, ನಾಲ್ಕಕ್ಕೆ ಅಂಗಡಿಯ ಎನಾಮಲ್. ಮೇಯಲ್ಲಿ ಅಲ್ಲ, ಫೆಬ್ರವರಿಯಲ್ಲೇ ಹೊಡೆಯುತ್ತೇನೆ. ಕೂಲಿ ಬೇಡ, ಮಧ್ಯಾಹ್ನ ಗಂಜಿ, ಚಟ್ನಿ ಸಿಕ್ಕಿದರೆ ಸಾಕು. ಎರಡು ಮಳೆಗಾಲ ಕಳೆದು ನೀವೂ ಬನ್ನಿ, ಉಗುರಿನಿಂದ ಕೆರೆದು ನೋಡುವಾ.

ಇತಿ,
ಕುಂಬಳೆಯ ಒಬ್ಬ ಪೈಂಟರ್