ಗಾಜಿನ ಬಾಗಿಲು

ಪುಟ್ಟಿ,

ವಾಟ್ಸಾಪಿನಲ್ಲಿ ಎರಡು ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ದೀಪಾವಳಿಗೆ ಬರುವುದಿಲ್ಲ ಅಂತ ಅಪ್ಪನಿಗೆ ಹೇಳಿದೆಯಂತೆ. ಇನ್ನು ಮೇಲೆ ಎಲ್ಲರನ್ನೂ ಸೇರಿಸಿ ಎಲ್ಲಿಗೂ ಕರೆದುಕೊಂಡು ಹೋಗುವುದಿಲ್ಲ ಅಂತಲೂ ಅಂದೆಯಂತೆ. ಅದಕ್ಕೇ ಈ ಪತ್ರ. ಫೋನಿನಲ್ಲಾದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಆಯ್ತಮ್ಮ, ಆಯ್ತು" ಅಂತೀಯ. ಪತ್ರಕ್ಕೆ ಹಾಗನ್ನಲು ಆಗುವುದಿಲ್ಲ.

ರೆಸಾರ್ಟಿನಲ್ಲಿ ತಿಂಡಿ ಹೊತ್ತಿಗೆ ನಾನೇನಂದೆ, ನೀನು ನೀರುದೋಸೆ ತಟ್ಟೆಯಲ್ಲೇ ಬಿಟ್ಟು ಹೇಗೆ ಎದ್ದೆ, ಅದೆಲ್ಲ ಇಬ್ಬರಿಗೂ ಗೊತ್ತು. ಮತ್ತೆ ಬರೆಯುವುದಿಲ್ಲ. ನಿನ್ನ ಅತ್ತೆ ಮಾವನ ಮುಂದೆ ಅಷ್ಟು ಜೋರು ಮಾಡಬಾರದಿತ್ತು ಅಂತ ಅಪ್ಪ ಹೇಳುತ್ತಾರೆ. ಇರಬಹುದು. ನಿನ್ನ ಅತ್ತೆಗೆ ನಾನೇ ಫೋನ್ ಮಾಡಿ ಮಾತಾಡಿದ್ದೇನೆ. "ಅಯ್ಯೋ ಬಿಡಿ, ನಮ್ಮನೆಯಲ್ಲಿ ಇದಕ್ಕಿಂತ ಜೋರು" ಅಂದರು. ಒಳ್ಳೆಯ ಹೆಂಗಸು.

ಆದರೆ ನೀನೊಂದು ಮಾತಂದೆಯಲ್ಲ, "ಅಮ್ಮಮ್ಮ ಖುಷಿಯಾಗಿದ್ದಾಳೆ, ನೀನ್ಯಾಕೆ ಹಾಳು ಮಾಡ್ತೀಯ" ಅಂತ. ಅದು ಇನ್ನೂ ಗಂಟಲಿನಲ್ಲೇ ಇದೆ. ನೀನು ಬರುವ ಹೊತ್ತಿಗೆ ಅವಳು ಸಿಕ್ಕಾಗಿತ್ತು. ನೀನು ನೋಡಿದ್ದು ಸಿಕ್ಕ ಅಮ್ಮಮ್ಮನನ್ನು.

ನನಗೆ ಎಚ್ಚರಾದಾಗ ಇನ್ನೂ ಪೂರ್ತಿ ಬೆಳಕಾಗಿರಲಿಲ್ಲ. ಪಕ್ಕದ ಹಾಸಿಗೆ ಖಾಲಿ. ಬಚ್ಚಲಿನ ದೀಪ ಆರಿತ್ತು. ಅವಳ ಚಪ್ಪಲಿ ಅಲ್ಲೇ ಇತ್ತು, ಕೋಲೂ ಅಲ್ಲೇ. ಸಮುದ್ರದ ಕಡೆಯ ಗಾಜಿನ ಬಾಗಿಲು ಒಬ್ಬರು ಹೋಗುವಷ್ಟು ಸರಿದಿತ್ತು. ನಾನು ಮೊದಲು ಓಡಿದ್ದು ಸಮುದ್ರದ ಕಡೆ ಅಲ್ಲ. ಇದನ್ನು ಅಪ್ಪನಿಗೂ ಹೇಳಿಲ್ಲ. ಓಡಿದ್ದು ಈಜುಕೊಳದ ಹತ್ತಿರ. ಅಲ್ಲಿ ನೀರೊಳಗೆ ದೀಪ ಹಾಕಿದ್ದರು, ತಳ ಕಾಣುತ್ತಿತ್ತು. ಸುತ್ತಲೂ ನಡೆದು ತಳ ನೋಡಿದೆ. ಏನೂ ಇರಲಿಲ್ಲ. ಆಗ ಇನ್ನೂ ಭಯವಾಯಿತು. ಕೊಳದ ತಳವನ್ನಾದರೆ ನೋಡಬಹುದು, ಅಲ್ವಾ? ಸಮುದ್ರವನ್ನು ಎಲ್ಲಿಂದ ನೋಡುವುದು?

ಕಾವಲಿನವನು "ಅಜ್ಜಿಯಾ? ಆ ಬದಿ ಬಲೆ ಎಳೀತಿದ್ದಾರೆ, ಅಲ್ಲಿ ನೋಡಿ" ಅಂದ. ಅವನಿಗೆ ಅದೇನೂ ದೊಡ್ಡ ವಿಷಯವಲ್ಲ. ಮರಳಿನಲ್ಲಿ ಓಡಿದೆ. ನನ್ನ ಮಂಡಿ ನಿನಗೆ ಗೊತ್ತಲ್ಲ.

ನೀನು ಆಮೇಲೆ ಬಂದು ವಿಡಿಯೊ ಮಾಡಿದ್ದು ಕೈರಂಪಣಿ. ದೋಣಿಯಲ್ಲಿ ಹೋಗಿ ಬಲೆಯನ್ನು ಬಿಲ್ಲಿನ ಹಾಗೆ ಸುತ್ತು ಬಿಟ್ಟು ಬರುತ್ತಾರೆ. ಆಮೇಲೆ ಎರಡು ತುದಿಯ ಹಗ್ಗವನ್ನೂ ದಂಡೆಯಲ್ಲಿ ನಿಂತು ಎಳೆಯುತ್ತಾರೆ. ಅಮ್ಮಮ್ಮ ಹುಡುಗಿಯಾಗಿದ್ದಾಗ ಮರವಂತೆಯಲ್ಲಿ ಇದ್ದದ್ದು ದೊಡ್ಡ ರಂಪಣಿ. ಎಳೆಯಲು ಊರಿಗೆ ಊರೇ ಬೇಕು, ಸಿಕ್ಕಿದ್ದರಲ್ಲಿ ಊರಿಗೆಲ್ಲ ಪಾಲು. 1970ರ ದಶಕದ ಕೊನೆಗೆ, ಸಮುದ್ರದಲ್ಲೇ ಮೀನಿನ ಗುಂಪನ್ನು ಬಲೆಯಿಂದ ಸುತ್ತಿ ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ಅದು ಮೂಲೆಗೆ ಬಿತ್ತು. ಅಷ್ಟೊತ್ತಿಗೆ ಅವಳು ಮದುವೆಯಾಗಿ ಘಟ್ಟ ಹತ್ತಿ, ತೀರ್ಥಹಳ್ಳಿಯಲ್ಲಿ ನಿನ್ನ ಅಜ್ಜನ ಜೊತೆ ಒಣಮೀನಿನ ಅಂಗಡಿಯಲ್ಲಿ ಕೂತಾಗಿತ್ತು.

ಆ ಗಂಡಸರು ಅವಳಿಗೆ ಹಗ್ಗದ ಕೊನೆಯಲ್ಲಿ ಜಾಗ ಕೊಟ್ಟಿದ್ದರು. ಸೀರೆ ಎತ್ತಿ ಕಟ್ಟಿ, ಅವರ ಹೆಜ್ಜೆಗೆ ಸರಿಯಾಗಿ ಹಿಂದೆ ಹಿಂದೆ ಸರಿಯುತ್ತಿದ್ದಳು. ಮನೆಯಲ್ಲಿ ಬಚ್ಚಲಿಗೆ ಹೋಗಲು ನನ್ನ ತೋಳು ಬೇಕು. ನಾನು ಹತ್ತಿರ ಹೋಗಿ "ಅಮ್ಮಾ" ಅಂದೆ. ತಿರುಗಿ ನೋಡಿ, ನಕ್ಕು, ನಾನು ಯಾರ ಮನೆಯವಳು ಅಂತ ಕೇಳಿದಳು. ಬಹಳ ಮರ್ಯಾದೆಯಿಂದ ಕೇಳಿದಳು. ಹೊಸಬರನ್ನು ಕೇಳುವ ಹಾಗೆ. ಹಿಂದೆ ಒಮ್ಮೆಯೂ ಹಾಗಾಗಿರಲಿಲ್ಲ. ನಿನ್ನ ಹೆಸರು ತಪ್ಪಿದ್ದಿದೆ, ಚಿನ್ನುವನ್ನು ನಿನ್ನ ಸೋದರಮಾವ ಅಂದುಕೊಂಡದ್ದಿದೆ, ನನ್ನದು ತಪ್ಪಿರಲಿಲ್ಲ.

ಅಷ್ಟರಲ್ಲಿ ನೀನು ಬಂದೆ, ಫೋನ್ ಹಿಡಿದುಕೊಂಡು. ಖುಷಿಯಾಗಿದ್ದಾಳೆ ಅಂದೆ. ಹೌದು, ಇದ್ದಳು.

ಮತ್ತೆ ಆ ಬಾಗಿಲಿಗೇ ಬರುತ್ತೇನೆ, ಬೇಜಾರಾದರೂ ಓದು. ಮಲಗುವಾಗ ಚಿಲಕ ಹಾಕಿದ್ದೆ. ಎ.ಸಿ. ಜಾಸ್ತಿಯಾಯಿತು ಅಂತ ಅವಳು ಗೊಣಗಿದಾಗ ಒಂದು ಸಲ ತೆಗೆದು, ಮತ್ತೆ ಹಾಕಿದೆ. ಹಾಕಿದೆ ಅಂತಲೇ ನೆನಪು. ಈಗ ದಿನಾ ರಾತ್ರಿ ಮಲಗಿದಲ್ಲೇ ಕೈ ಆಡಿಸಿ ನೋಡುತ್ತೇನೆ, ಆ ಚಿಲಕ ಮೇಲಕ್ಕಿತ್ತಾ ಕೆಳಕ್ಕಿತ್ತಾ ಅಂತ. ಅಮ್ಮಮ್ಮನ ಅಕ್ಕನಿಗೂ ಇದೇ ಮರೆವಿನ ಕಾಯಿಲೆ ಇತ್ತು. ಲೆಕ್ಕ ನನಗೂ ಬರುತ್ತದೆ. ಸರಿ, ಅದನ್ನು ಇಲ್ಲಿಗೆ ಬಿಡೋಣ.

ನಿನ್ನ ಬಗ್ಗೆ ಪಕ್ಕದ ಮನೆಯವರಿಗೆಲ್ಲ ಹೇಳಿಕೊಂಡು ಬಂದಿದ್ದೇನೆ, ಅದು ನಿನಗೆ ಗೊತ್ತಿರಲಿ. ಬಚ್ಚಲಿನಲ್ಲಿ ಹಿಡಿಕೆ ಇದೆಯಾ, ರೂಮಿಗೆ ಮೆಟ್ಟಿಲು ಎಷ್ಟು, ಕಮೋಡ್ ಎತ್ತರ ಎಷ್ಟು, ಎಲ್ಲ ನೀನು ಮೊದಲೇ ವಿಚಾರಿಸಿ ಬುಕ್ ಮಾಡಿದ್ದೆ. ಸೋಮವಾರ ಶನಿವಾರ ಮೀನು ಮುಟ್ಟದ ನಿನ್ನ ಮಾವನಿಂದ ಹಿಡಿದು ಮೀನಿಲ್ಲದೆ ಉಣ್ಣದ ಅಮ್ಮಮ್ಮನವರೆಗೆ ಎಲ್ಲರನ್ನೂ ಒಂದೇ ಮೇಜಿನಲ್ಲಿ ಕೂರಿಸಿದೆ. ನಮ್ಮ ಮದುವೆಯಲ್ಲೂ ಇಷ್ಟು ವ್ಯವಸ್ಥೆ ಇರಲಿಲ್ಲ. "ತವರಿನ ದಂಡೆಯಲ್ಲಿ ಮಲಗಲಿಕ್ಕೂ ದುಡ್ಡಾ?" ಅಂತ ಅವಳು ಕೇಳಿದ್ದು ನೆನೆದರೆ ನಗು ಬರುತ್ತದೆ. ಹೈವೇಯಲ್ಲಿ ಹೋಗುವಾಗ ಒಂದು ಬದಿ ಸೌಪರ್ಣಿಕಾ, ಇನ್ನೊಂದು ಬದಿ ಸಮುದ್ರ. ಇಷ್ಟು ಹತ್ತಿರ ಬಂದ ನದಿ ಯಾಕೆ ಸಮುದ್ರಕ್ಕೆ ಹೋಗಲ್ಲ ಅಂತ ಚಿನ್ನು ಕೇಳಿದ. ನಾವ್ಯಾರೂ ಬಾಯಿ ಬಿಡುವ ಮೊದಲೇ ಅಮ್ಮಮ್ಮ "ಅದು ತಿರುಗಿಕೊಂಡು ಗಂಗೊಳ್ಳಿಯಲ್ಲಿ ಸೇರುತ್ತೆ" ಅಂದಳು. ಬೆಳಿಗ್ಗೆ ಏನು ತಿಂದಳು ಅನ್ನುವುದು ನೆನಪಿರಲಿಲ್ಲ.

ಆದ್ದರಿಂದ ಕರೆದುಕೊಂಡು ಹೋಗುವುದಿಲ್ಲ ಅನ್ನುವ ಹಟ ಬೇಡ. ಹೋಗೋಣ. ಆದರೆ ನಾನು ಹೇಳಿದ ಹಾಗೆ. (ಇಲ್ಲಿಂದ ಉಪದೇಶ. ಕಾಫಿ ಮಾಡಿಕೊಂಡು ಕೂತು ಓದು.)

ಸಂಜೆಯಾದ ಮೇಲೆ ಹೊಸ ಜಾಗಕ್ಕೆ ಹೋದರೆ ಅವಳಿಗೆ ಗಲಿಬಿಲಿ ಜಾಸ್ತಿ. ಡಾಕ್ಟರೂ ಅದನ್ನೇ ಹೇಳಿದ್ದು. ನಾವು ಹುಲಿಕಲ್ ಘಾಟಿ ಇಳಿದು ಸೇರುವಾಗ ಕತ್ತಲಾಗಿತ್ತು. ಇನ್ನು ಮೇಲೆ ಮಧ್ಯಾಹ್ನದ ಊಟಕ್ಕೇ ತಲುಪಬೇಕು. ಅವಳ ಹೊದಿಕೆ, ದಿಂಬು ಮನೆಯಿಂದಲೇ. ರಾತ್ರಿ ಸಣ್ಣ ದೀಪ ಉರಿಯಬೇಕು. ಬಾಗಿಲಿಗೆ ಗೆಜ್ಜೆ ಕಟ್ಟುತ್ತೇನೆ, ಯಾರು ನಕ್ಕರೂ ಸರಿ. ಸಮುದ್ರ ಕಾಣುವ ರೂಮು ನಿಮಗಿರಲಿ, ನಮಗೆ ತೋಟದ ಕಡೆಯದ್ದು ಸಾಕು. ಅವಳ ರವಿಕೆಯ ಒಳಗೆ ನಿನ್ನ ನಂಬರ್ ಬರೆದ ಬಟ್ಟೆ ಹೊಲಿದಿದ್ದೇನೆ. ನನ್ನದಲ್ಲ, ನಿನ್ನದು. ನೀನು ಫೋನ್ ತೆಗೆಯುವ ಅಭ್ಯಾಸ ಇಟ್ಟುಕೊಳ್ಳಬೇಕು.

ಅಳಿಯಂದಿರಿಗೂ ಒಂದು ಮಾತು ಹೇಳು. ಚಿನ್ನುವನ್ನು ಎತ್ತಿಕೊಂಡು ಅಲೆ ಇಲ್ಲದ ಕಡೆಗೆ ಹೋದರಲ್ಲ, ಅಲ್ಲಿ ನೀರು ಸುಮ್ನೆ ಇದೆ ಅಂತ. ಎರಡು ಕಡೆ ಅಲೆ ಒಡೆದು ನಡುವೆ ಒಂದು ಜಾಗ ಶಾಂತವಾಗಿ ಕಂಡರೆ ಅದನ್ನೇ ನಂಬಬಾರದು. ದಡಕ್ಕೆ ಬಂದ ನೀರು ಹಲವು ಸಲ ಅಲ್ಲಿಂದಲೇ ವಾಪಸ್ ಎಳೆದುಕೊಂಡು ಹೋಗುತ್ತದೆ. ಸಿಕ್ಕಿಕೊಂಡರೆ ನೇರ ದಡಕ್ಕೆ ಈಜಿ ಸುಸ್ತಾಗಬಾರದು, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಗೆ ಬರಬೇಕು. ಮಳೆಗಾಲದಲ್ಲಿ ಅರ್ಧ ರೇಟು ಅಂತ ಮೆಸೇಜು ಬಂದರೆ ಅಳಿಸಿಹಾಕು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೇ ರಜೆ ಇರುತ್ತದೆ, ನಮಗೇನು ಅವಸರ?

ಜನವರಿಯಲ್ಲಿ ಚಿನ್ನುವಿಗೆ ರಜೆ ಯಾವಾಗ ಅಂತ ತಿಳಿಸು. ಸಂಕ್ರಾಂತಿ ಹೊತ್ತಿಗೆ ಬಿಸಿಲು ಹಿತವಾಗಿರುತ್ತದೆ. ಅರ್ಧ ಖರ್ಚು ನಮ್ಮದು, ಅದರಲ್ಲಿ ವಾದ ಬೇಡ. ಅಪ್ಪನ ಪೆನ್ಷನ್ ಬ್ಯಾಂಕಿನಲ್ಲಿ ಸುಮ್ನೆ ಕೂತಿದೆ. ನಿನ್ನ ಅತ್ತೆಯನ್ನು ನಾನೇ ಕೇಳುತ್ತೇನೆ, ಅವರು ಬರುತ್ತಾರೆ.

ಆಮೇಲೆ, ಆ ಕೈರಂಪಣಿಯ ವಿಡಿಯೊ ಅಪ್ಪನ ಫೋನಿಗೆ ಕಳಿಸು, ನನ್ನದರಲ್ಲಿ ಜಾಗ ಇಲ್ಲ. ನೀನು ಗ್ರೂಪಿನಲ್ಲಿ ಹಾಕಿದಾಗ ನೋಡುವ ಮನಸ್ಸಿರಲಿಲ್ಲ, ಅಳಿಸಿದೆ. ಅಮ್ಮಮ್ಮನಿಗೆ ತೋರಿಸಬೇಕು. ಅವಳ ಹಿಂದೆ ಹಗ್ಗ ಹಿಡಿದ ಹುಡುಗನ ಮುಖ ಕಂಡರೆ ಹೇಳು, ಅವನು ಎರಡು ಬಂಗುಡೆ ಕೊಟ್ಟಿದ್ದ. ನಾನು ದುಡ್ಡು ಕೊಡಲಿಲ್ಲ.

ಇಂತಿ,
ಅಮ್ಮ