ಗುಡ್ಡಗಾಡಿನ ಪೇಟೆಗೆ 30 ಡಿಗ್ರಿಯೂ ಬಿಸಿಗಾಳಿಯೇ: ಅಳೆಯುವವರು ಯಾರು?

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ಕಲಬುರಗಿ, ರಾಯಚೂರುಗಳ ಬಿಸಿಲಿನ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿ, ಕೊಡಗಿನಲ್ಲಿರುವ ನಾವು ಪುಣ್ಯವಂತರೆಂದು ಸಮಾಧಾನಪಟ್ಟುಕೊಳ್ಳುವುದು ನಮ್ಮಲ್ಲಿ ರೂಢಿಯಾಗಿದೆ. ಈ ಸಮಾಧಾನಕ್ಕೆ ಆಧಾರ ಎಷ್ಟಿದೆ ಎಂಬುದನ್ನು ಒಮ್ಮೆ ಪರಿಶೀಲಿಸಬೇಕಾಗಿದೆ. ಬಿಸಿಗಾಳಿಯನ್ನು ಗುರುತಿಸಲು ಭಾರತೀಯ ಹವಾಮಾನ ಇಲಾಖೆ ಬಯಲು ಪ್ರದೇಶಕ್ಕೆ 40 ಡಿಗ್ರಿ ಸೆಲ್ಸಿಯಸ್, ಕರಾವಳಿಗೆ 37 ಡಿಗ್ರಿ ಎಂದು ಗರಿಷ್ಠ ಉಷ್ಣಾಂಶದ ಕೆಳಮಿತಿಯನ್ನು ನಿಗದಿಪಡಿಸಿದ್ದರೆ, ಗುಡ್ಡಗಾಡು ಪ್ರದೇಶಕ್ಕೆ ಅದು ಇಟ್ಟಿರುವ ಮಿತಿ 30 ಡಿಗ್ರಿ ಮಾತ್ರ. ಜೊತೆಗೆ ಆ ದಿನದ ಉಷ್ಣಾಂಶ ಅಲ್ಲಿನ ವಾಡಿಕೆಗಿಂತ 4.5 ಡಿಗ್ರಿಯಾದರೂ ಹೆಚ್ಚಿರಬೇಕು. ಇದು ಇಲಾಖೆಯ ಔದಾರ್ಯವಲ್ಲ. ಮನುಷ್ಯನ ದೇಹ ತಾನು ಬೆಳೆದ ಊರಿನ ಹವೆಗೆ ಹೊಂದಿಕೊಂಡಿರುತ್ತದೆಯಾದ್ದರಿಂದ ರಾಯಚೂರಿನವರು ಲೆಕ್ಕಕ್ಕೇ ಇಡದ ಬಿಸಿಲು ಮಡಿಕೇರಿಯ ಎಪ್ಪತ್ತು ದಾಟಿದ ಹೃದ್ರೋಗಿಗೆ ಅಪಾಯ ತರಬಲ್ಲದು. ಹಳೆಯ ಮನೆಗಳಲ್ಲಿ ಫ್ಯಾನೇ ಬೇಕಿಲ್ಲದಿದ್ದ ಊರಿನಲ್ಲಿ ಇಂದು ಎಲೆಕ್ಟ್ರಿಕ್ ಅಂಗಡಿಯವರು ಬೇಸಿಗೆಗೆ ಮುಂಚೆಯೇ ಫ್ಯಾನುಗಳನ್ನು ಸಾಲಾಗಿ ಜೋಡಿಸಿಡುತ್ತಾರೆ ಎಂಬುದನ್ನು ಬಲ್ಲವರಿಗೆ ನಾನು ಹೆಚ್ಚು ಹೇಳಬೇಕಾಗಿಲ್ಲ.

ಭೂಮಿಯ ಒಟ್ಟು ತಾಪ ಏರುತ್ತಿರುವುದು ಒಂದು ಸಂಗತಿಯಾದರೆ, ಪೇಟೆಯು ತನ್ನ ಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದು ಬೇರೆಯೇ ಸಂಗತಿ, ಮತ್ತು ನಮ್ಮ ಕೈಯಲ್ಲಿರುವುದು ಈ ಎರಡನೆಯದು. ಲಂಡನ್ ನಗರ ಸುತ್ತಲಿನ ಹಳ್ಳಿಗಳಿಗಿಂತ, ವಿಶೇಷವಾಗಿ ರಾತ್ರಿಯ ವೇಳೆ, ಬೆಚ್ಚಗಿರುತ್ತದೆಂದು ಲ್ಯೂಕ್ ಹೋವರ್ಡ್ ಎಂಬ ಹವಾಮಾನ ವೀಕ್ಷಕ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲೇ ಅಳೆದು ತೋರಿಸಿದ್ದ. ಡಾಂಬರು ಮತ್ತು ಕಾಂಕ್ರೀಟು ಹಗಲಿಡೀ ಹೀರಿದ ಬಿಸಿಯನ್ನು ಸಂಜೆಯ ನಂತರ ನಿಧಾನವಾಗಿ ಹೊರಬಿಡುತ್ತವೆ. ನೆರಳು ಕೊಟ್ಟು, ಎಲೆಗಳಿಂದ ನೀರಾವಿ ಬಿಟ್ಟು ತಂಪೆರೆಯುವ ಮರಗಳು ಅಲ್ಲಿರುವುದಿಲ್ಲ. ಇಕ್ಕಟ್ಟಾದ ಬೀದಿಯ ಎರಡೂ ಬದಿಗೆ ಮೂರು ನಾಲ್ಕು ಅಂತಸ್ತು ಎದ್ದಿದ್ದರೆ ಗಾಳಿಗೂ ದಾರಿಯಿಲ್ಲ. ಹಗಲಿನ ಬಿಸಿಲಿಗಿಂತ ರಾತ್ರಿಯ ಈ ಸೆಕೆ ಆರೋಗ್ಯಕ್ಕೆ ಹೆಚ್ಚು ಹಾನಿಕರವೆಂದು ನನಗೆ ತೋರುತ್ತದೆ, ಏಕೆಂದರೆ ದಿನವಿಡೀ ದುಡಿದ ಹೃದಯ ಮತ್ತು ಮೂತ್ರಪಿಂಡಗಳು ಚೇತರಿಸಿಕೊಳ್ಳಬೇಕಾದ ಹೊತ್ತು ಅದೇ. ವಯಸ್ಸಾದವರಿಗೆ ಬಾಯಾರಿಕೆಯ ಅರಿವು ಕಡಿಮೆ. ರಕ್ತದೊತ್ತಡಕ್ಕೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರ ದೇಹದಲ್ಲಿ ನೀರು ಇನ್ನೂ ಬೇಗ ತಗ್ಗುತ್ತದೆ. ಇಂಥವರು ತೀರಿಕೊಂಡಾಗ ದಾಖಲೆಯಲ್ಲಿ ಹೃದಯಾಘಾತವೆಂದು ಬರೆಯಲಾಗುತ್ತದೆಯೇ ಹೊರತು ಅದರ ಹಿಂದಿದ್ದ ಸೆಕೆಯ ಉಲ್ಲೇಖ ಎಲ್ಲಿಯೂ ಇರುವುದಿಲ್ಲ.

ಹೀಗೆ ಮರೆಯಾಗುವ ಸಾವುಗಳ ಲೆಕ್ಕವನ್ನು ಬೆಳಕಿಗೆ ತಂದರೆ ಏನಾಗುತ್ತದೆ ಎಂಬುದಕ್ಕೆ ಅಹಮದಾಬಾದ್ ಉದಾಹರಣೆಯಾಗಿದೆ. 2010ರ ಮೇ ತಿಂಗಳಲ್ಲಿ ಅಲ್ಲಿನ ಉಷ್ಣಾಂಶ 46.8 ಡಿಗ್ರಿಗೆ ಏರಿತ್ತು. ಆ ತಿಂಗಳ ಸಾವುಗಳನ್ನು ಹಿಂದಿನ ಹಾಗೂ ಮುಂದಿನ ವರ್ಷಗಳ ಮೇ ತಿಂಗಳೊಡನೆ ಹೋಲಿಸಿ ನೋಡಿದ ಸಂಶೋಧಕರಿಗೆ 1,344 ಸಾವುಗಳು ಹೆಚ್ಚುವರಿಯಾಗಿ ಸಂಭವಿಸಿದ್ದು ಕಂಡುಬಂತು. 2013ರಲ್ಲಿ ಆ ನಗರ ತನ್ನದೇ ಬಿಸಿಗಾಳಿ ಕ್ರಿಯಾ ಯೋಜನೆಯನ್ನು ರೂಪಿಸಿಕೊಂಡಿತು. ಅಲ್ಲಿನ ಒಂದು ಆಸ್ಪತ್ರೆಯಲ್ಲಿ ಸುಡುವ ತಾರಸಿಯ ಕೆಳಗಿದ್ದ ಹೆರಿಗೆ ವಾರ್ಡನ್ನು ಕೆಳಮಹಡಿಗೆ ಸ್ಥಳಾಂತರಿಸಿದ ಮೇಲೆ ಬಿಸಿಯಿಂದ ಬಳಲುವ ಹಸುಗೂಸುಗಳ ಸಂಖ್ಯೆ ಇಳಿಯಿತು. ಕೋಟಿಗಟ್ಟಲೆ ವೆಚ್ಚದ ಕಾಮಗಾರಿಯೇನೂ ಅಲ್ಲಿ ನಡೆಯಲಿಲ್ಲ; ಎಲ್ಲಿ, ಯಾರಿಗೆ, ಯಾವಾಗ ತೊಂದರೆಯಾಗುತ್ತಿದೆ ಎಂಬುದು ಮೊದಲು ಗೊತ್ತಾಗಬೇಕಿತ್ತು, ಅಷ್ಟೆ.

ನಮ್ಮಲ್ಲಿ ಗೊತ್ತಾಗದಿರುವುದು ಅದೇ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನೂ ಹೋಬಳಿ ಮಟ್ಟದಲ್ಲಿ ಉಷ್ಣಾಂಶ, ಆರ್ದ್ರತೆ, ಗಾಳಿಗಳನ್ನು ದಾಖಲಿಸುವ ಯಂತ್ರಗಳನ್ನೂ ಅಳವಡಿಸಿರುವುದು ಮೆಚ್ಚತಕ್ಕದ್ದು. ಆದರೆ ಹವಾಮಾನ ಮಾಪಕಗಳನ್ನು ನಿಯಮದಂತೆ ಬಯಲಿನಲ್ಲಿ, ಕಟ್ಟಡಗಳಿಂದ ದೂರ ಇಡಬೇಕಾಗುತ್ತದೆ. ಮಾರುಕಟ್ಟೆಯ ಬೀದಿಯಲ್ಲಿ ದಿನವಿಡೀ ನಿಲ್ಲುವ ತರಕಾರಿ ಮಾರುವವರು, ಸ್ಟ್ಯಾಂಡಿನಲ್ಲಿ ಕಾಯುವ ಆಟೋ ಚಾಲಕರು, ಪೌರಕಾರ್ಮಿಕರು, ಶೀಟಿನ ಮಾಡಿನ ಕೆಳಗೆ ಮಲಗುವ ಕಟ್ಟಡ ಕಾರ್ಮಿಕರು ಅನುಭವಿಸುವ ಬಿಸಿ ಅವುಗಳಿಗೆ ನಿಲುಕದು.

ಗಾಳಿಯ ಕತೆಯೂ ಬೇರೆಯಲ್ಲ. ಮಡಿಕೇರಿಯ ಸ್ಟುವರ್ಟ್ ಹಿಲ್‌ನಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾಪನ ಕೇಂದ್ರವಿದ್ದು, ದೇಶದ ಶುದ್ಧ ಗಾಳಿಯ ನಗರಗಳ ಪಟ್ಟಿಯಲ್ಲಿ ನಮ್ಮ ಊರಿನ ಹೆಸರು ಆಗಾಗ ಮೇಲಿನ ಸಾಲಿನಲ್ಲಿ ಬರುವುದು ಸಂತೋಷದ ವಿಷಯವೇ ಸರಿ. ಗುಡ್ಡದ ಮೇಲೆ ದೊರೆತ ಆ ಅಂಕಿ, ವಾರಾಂತ್ಯದಲ್ಲಿ ಪ್ರವಾಸಿಗರ ವಾಹನಗಳು ಇಂಜಿನ್ ಆರಿಸದೆ ಗಂಟೆಗಟ್ಟಲೆ ನಿಲ್ಲುವ ತಗ್ಗಿನ ರಸ್ತೆಗಳ ಗಾಳಿಗೂ ಅನ್ವಯಿಸುತ್ತದೆಂದು ಭಾವಿಸಲು ಕಾರಣವಿಲ್ಲ. ಚಳಿಗಾಲದ ಬೆಳಿಗ್ಗೆ ತಂಪು ಗಾಳಿ ತಗ್ಗಿನಲ್ಲಿ ಕುಳಿತಾಗ, ಕಸಕ್ಕೆ ಮತ್ತು ತರಗೆಲೆಗೆ ಹಚ್ಚಿದ ಬೆಂಕಿಯ ಹೊಗೆ ಮಂಜಿನೊಡನೆ ಬೆರೆತು, ಶಾಲೆಗೆ ನಡೆದು ಹೋಗುವ ಮಕ್ಕಳ ಮೂಗಿನ ಎತ್ತರದಲ್ಲೇ ನಿಲ್ಲುತ್ತದೆ. ಅಲ್ಲದೆ ಶುದ್ಧವೆಂಬ ಹಣೆಪಟ್ಟಿಯನ್ನೂ ಎಚ್ಚರಿಕೆಯಿಂದ ಓದಬೇಕು: 2.5 ಮೈಕ್ರಾನ್‌ವರೆಗಿನ ಸೂಕ್ಷ್ಮ ಕಣಗಳಿಗೆ ನಮ್ಮ ರಾಷ್ಟ್ರೀಯ ಮಾನದಂಡ ವಾರ್ಷಿಕ ಸರಾಸರಿಯಾಗಿ ಘನ ಮೀಟರಿಗೆ 40 ಮೈಕ್ರೋಗ್ರಾಂವರೆಗೆ ಅವಕಾಶ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯಾದರೋ 2021ರಲ್ಲಿ ತನ್ನ ಮಾರ್ಗಸೂಚಿಯ ಮಿತಿಯನ್ನು 5ಕ್ಕೆ ಇಳಿಸಿತು.

ಇನ್ನು ಮಳೆಗಾಲ. ಮಡಿಕೇರಿಗೆ ವರ್ಷಕ್ಕೆ ನೂರು ಇಂಚಿಗೂ ಮಿಗಿಲಾಗಿ ಮಳೆ ಸುರಿಯುವುದು ಹೊಸತಲ್ಲ, ಹೊಸತು ನಮ್ಮ ಮನೆಗಳು. ಹೆಂಚಿನ ಸಂದಿನಲ್ಲಿ ಉಸಿರಾಡುತ್ತಿದ್ದ, ಒಲೆಯ ಶಾಖಕ್ಕೆ ಅಟ್ಟ ಒಣಗುತ್ತಿದ್ದ ಮನೆಗಳ ಜಾಗದಲ್ಲಿ ಬಯಲುಸೀಮೆಗೆಂದು ರೂಪಿಸಿದ ನಕ್ಷೆಗಳಂತೆ ಚಪ್ಪಟೆ ತಾರಸಿಯ, ಗಾಜಿನ ಕಿಟಕಿಯ ಮನೆಗಳು ಎದ್ದಿವೆ. (ಒಲೆಯ ಹೊಗೆ ಎಷ್ಟು ಹೆಂಗಸರ ಶ್ವಾಸಕೋಶವನ್ನು ಹಾಳುಮಾಡಿತೆಂಬುದನ್ನು ಮರೆತು ಹಳೆಯದನ್ನು ಹೊಗಳುವುದು ನನ್ನ ಉದ್ದೇಶವಲ್ಲ.) ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಟಕಿ ಮುಚ್ಚಿಯೇ ಇರುವ ಇಂಥ ಕೋಣೆಗಳ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮತ್ತು ಬೂಷ್ಟಿನ ಕಣಗಳು ಉಬ್ಬಸವನ್ನು ಕೆರಳಿಸುತ್ತವೆ. ಕೊಡವ ಪಂಚಾಂಗದ ಕಕ್ಕಡ ತಿಂಗಳ ಹದಿನೆಂಟರಂದು ಮದ್ದು ಸೊಪ್ಪಿನ ಪಾಯಸ ಉಣ್ಣುವ ಪದ್ಧತಿಯನ್ನು ನಾವು ಬಿಟ್ಟಿಲ್ಲ. ಆದರೆ ತೋಡಿನ ಬದಿಯ ನೆರಳಿನಲ್ಲಿ ಬೆಳೆಯುವ ಆ ಸೊಪ್ಪನ್ನು ಪೇಟೆಯವರು ಇಂದು ಕಟ್ಟಿಗಿಷ್ಟೆಂದು ಕೊಂಡು ತರಬೇಕಾಗಿದೆ, ಏಕೆಂದರೆ ತೋಡುಗಳ ಮೇಲೆ ಚಪ್ಪಡಿ ಬಿದ್ದಿದೆ, ಅಂಗಳಕ್ಕೆ ಇಂಟರ್‌ಲಾಕ್ ಹಾಸಿಯಾಗಿದೆ.

ಡೆಂಗಿಯ ವಿಷಯದಲ್ಲಿ ನಮ್ಮ ನೀರಿನ ವ್ಯವಸ್ಥೆಯೇ ರೋಗಕ್ಕೆ ನೆರವಾಗುತ್ತಿದೆ. ಬೇಸಿಗೆಯಲ್ಲಿ ಮಡಿಕೇರಿಗೆ ನೀರುಣಿಸುವ ಕೂಟುಹೊಳೆ ಸೊರಗಿ ನಲ್ಲಿಯ ಸರದಿ ದೂರವಾದಂತೆ ಜನ ಡ್ರಮ್ಮು, ಬಕೆಟ್ಟುಗಳಲ್ಲಿ ನೀರು ತುಂಬಿಡುತ್ತಾರೆ, ಇದರಲ್ಲಿ ಅವರ ತಪ್ಪಿಲ್ಲ. ಈಡಿಸ್ ಸೊಳ್ಳೆಗೆ ಬೇಕಾಗಿರುವುದು ನಿಂತ ತಿಳಿನೀರೇ. ಅದರ ಮೊಟ್ಟೆಗಳು ಒಣಗಿದ ಪಾತ್ರೆಯ ಅಂಚಿನಲ್ಲಿ ತಿಂಗಳುಗಟ್ಟಲೆ ಜೀವ ಹಿಡಿದಿದ್ದು, ನೀರು ತಾಗಿದ ಕೂಡಲೇ ಮರಿಯಾಗಿ, ಸುಮಾರು ವಾರ ಹತ್ತು ದಿನಗಳಲ್ಲಿ ಹಾರುತ್ತವೆ. ಹವೆ ಬೆಚ್ಚಗಾದಷ್ಟೂ ಸೊಳ್ಳೆಯ ಒಡಲಿನಲ್ಲಿ ವೈರಾಣು ಬೇಗ ಬಲಿಯುತ್ತದೆಯಾದ್ದರಿಂದ ತಂಪಿನ ರಕ್ಷಣೆ ಎತ್ತರದ ಊರುಗಳಿಗೆ ಇನ್ನು ಮುಂದೆ ಖಚಿತವಲ್ಲ. 2024ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚಿಸಿ, ಸೊಳ್ಳೆ ಬೆಳೆಯಲು ಬಿಟ್ಟವರಿಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ದಂಡ ಇರಲಿ, ಆದರೆ ಸರದಿಯಂತೆ ನೀರು ಬಿಡುವ ವ್ಯವಸ್ಥೆ ಹಾಗೆಯೇ ಉಳಿದರೆ ಡ್ರಮ್ಮೂ ಉಳಿಯುತ್ತದೆ.

2018 ಮತ್ತು 2019ರ ಆಗಸ್ಟ್ ತಿಂಗಳುಗಳನ್ನು ಕುಶಾಲನಗರದವರಿಗೆ ನೆನಪಿಸಬೇಕಾಗಿಲ್ಲ. ಕಾವೇರಿ ಬಡಾವಣೆಗಳೊಳಗೆ ಬಂದದ್ದು ಆಕಸ್ಮಿಕವೆಂದು ಹೇಳುವವರಿದ್ದಾರೆ. ನದಿ ಉಕ್ಕಿದಾಗ ನೀರು ಹರಡಿಕೊಳ್ಳುತ್ತಿದ್ದ ಗದ್ದೆಗಳು ಭೂಪರಿವರ್ತನೆಯಾಗಿ ನಿವೇಶನಗಳಾದವು ಎಂಬುದನ್ನು ಅವರು ಹೇಳುವುದಿಲ್ಲ. ನೆರೆ ಇಳಿದ ಮೇಲೆ ಉಳಿಯುವುದು ಒಳಚರಂಡಿಯ ಕೊಳಕು ಬೆರೆತ ಕೆಸರು, ಇಲಿ ಜ್ವರದ ಭಯ, ತೇವ ಆರದ ಗೋಡೆಗಳು. ಅದೇ 2018ರಲ್ಲಿ ಮಣ್ಣು ಕುಸಿದ ಮಡಿಕೇರಿಯ ಇಂದಿರಾನಗರ, ಚಾಮುಂಡೇಶ್ವರಿನಗರಗಳಂಥ ಇಳಿಜಾರಿನ ಬಡಾವಣೆಗಳಲ್ಲಿ ರಾತ್ರಿ ಜೋರು ಮಳೆಯಾದರೆ ನಿದ್ದೆ ಬಾರದವರ ಸಂಕಟವನ್ನೂ ಆರೋಗ್ಯದ ಸಮಸ್ಯೆಯೆಂದೇ ಪರಿಗಣಿಸಬೇಕು.

ಇಷ್ಟನ್ನೂ ಬರೆದದ್ದು ಒಂದು ಬೇಡಿಕೆಗಾಗಿ. ಕೊಡಗಿನ ಬೆಳೆಗಾರರ ಮನೆಗಳಲ್ಲಿ ಹೂಮಳೆಯಿಂದ ಹಿಡಿದು ಕಕ್ಕಡದ ಮಳೆಯವರೆಗೆ ಪ್ರತಿದಿನದ ಮಳೆಯನ್ನು ಇಂಚು, ಸೆಂಟುಗಳಲ್ಲಿ (ಸೆಂಟೆಂದರೆ ಇಂಚಿನ ನೂರನೆಯ ಒಂದು ಭಾಗ) ಅಳೆದು ಪುಸ್ತಕದಲ್ಲಿ ಬರೆದಿಡುವ ಸಂಪ್ರದಾಯ ತಲೆಮಾರುಗಳಿಂದ ನಡೆದು ಬಂದಿದೆ, ಏಕೆಂದರೆ ಅದರ ಮೇಲೆ ಕಾಫಿಯ ಫಸಲು ನಿಂತಿದೆ. ಅದೇ ಶಿಸ್ತಿನಿಂದ ಮಡಿಕೇರಿ, ಕುಶಾಲನಗರ, ವಿರಾಜಪೇಟೆಗಳ ಮಾರುಕಟ್ಟೆ, ಬಸ್ ನಿಲ್ದಾಣ, ಶಾಲೆ ಮತ್ತು ಒತ್ತೊತ್ತಾಗಿ ಜನರಿರುವ ಬಡಾವಣೆಗಳಲ್ಲಿ ಹಗಲಿನ ಹಾಗೂ ರಾತ್ರಿಯ ಉಷ್ಣಾಂಶವನ್ನೂ ಆರ್ದ್ರತೆಯನ್ನೂ ಸ್ಥಳೀಯ ಸಂಸ್ಥೆಗಳು ದಾಖಲಿಸಬೇಕು. ಉಬ್ಬಸ, ಜ್ವರ, ಹೃದ್ರೋಗಗಳಿಗೆಂದು ಸರ್ಕಾರಿ ಆಸ್ಪತ್ರೆಗಳಿಗೆ ಬರುವವರ ಸಂಖ್ಯೆಯನ್ನು, ಹೆಸರಿಲ್ಲದೆ, ವಾರ್ಡುವಾರು, ಆ ದಾಖಲೆಯ ಪಕ್ಕದಲ್ಲಿಟ್ಟು ತಿಂಗಳಿಗೊಮ್ಮೆ ಪ್ರಕಟಿಸಬೇಕು. ಮಡಿಕೇರಿಯಲ್ಲಿ ವೈದ್ಯಕೀಯ ಕಾಲೇಜಿದೆ. ಸಮುದಾಯ ವೈದ್ಯಶಾಸ್ತ್ರದ ವಿದ್ಯಾರ್ಥಿಗಳಿಗೆ ಇದಕ್ಕಿಂತ ಸಮೀಪದ ಪಾಠ ಸಿಗಲಾರದು. ಈ ಅಂಕಿಅಂಶ ಕೈಗೆ ಬಂದ ಮೇಲೆ, ಗದ್ದೆಯ ಭೂಪರಿವರ್ತನೆ, ಬಡಾವಣೆಯ ನಕ್ಷೆ, ಮರ ಕಡಿಯುವ ಅನುಮತಿ ಇವುಗಳ ಕಡತ ಜಿಲ್ಲಾ ಆರೋಗ್ಯಾಧಿಕಾರಿಗಳ ಮೇಜನ್ನೂ ದಾಟಿ ಬರುವಂತೆ ಮಾಡುವುದು ಜಿಲ್ಲಾಡಳಿತಕ್ಕೆ ಕಷ್ಟದ ಕೆಲಸವಲ್ಲ.

ಶಿವರಾತ್ರಿ ಕಳೆದರೆ ಬಿಸಿಲು ಏರುತ್ತದೆ. ಅಷ್ಟರೊಳಗೆ ಪ್ರತಿ ಪೇಟೆಯಲ್ಲಿ ಐದಾರು ಮಾಪಕಗಳನ್ನಾದರೂ ಅಳವಡಿಸಿದರೆ ಬರುವ ಬೇಸಿಗೆಯ ಲೆಕ್ಕವಾದರೂ ಸಿಕ್ಕೀತು. ಮುಂದಿನ ಸಾಮಾನ್ಯ ಸಭೆಗಳಲ್ಲಿ ಈ ವಿಷಯವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ಮೂರೂ ಪಟ್ಟಣಗಳ ಚುನಾಯಿತ ಸದಸ್ಯರನ್ನು ನಿಮ್ಮ ಪತ್ರಿಕೆಯ ಮೂಲಕ ಕೋರುತ್ತೇನೆ.

ಇಂತಿ,
ತಮ್ಮ ಓದುಗ,
ಮಡಿಕೇರಿ